ಎಂಟಾಣೆ ಹುಡುಗ, ಒಂಬತ್ತು ಗುಂಡು, ಒಂದು ಪಲ್ಲವಿ

 

ಇವತ್ತಿನ ಮಾತು ಶುರುವಾಗೋದು ಒಬ್ಬ ಕೇಳುಗನ ಪ್ರಶ್ನೆಯಿಂದ. ಹಾಸನದ ಕಡೆಯ ಹುಡುಗ, ಡಿಪ್ಲೊಮಾ ಓದ್ತಿದ್ದಾನೆ, ಕನ್ನಡದಲ್ಲಿ ರ‍್ಯಾಪ್ ಬರೀತಾನೆ. ಅವನು ಕೇಳಿದ್ದು ಇಷ್ಟು: "ಸರ್, ನಮ್ಮಪ್ಪ ಬ್ಯಾಂಕಲ್ಲಿ ಕೆಲಸ ಮಾಡ್ತಾರೆ. ಮನೇಲಿ ಊಟ ಬಟ್ಟೆಗೆ ತೊಂದರೆ ಇಲ್ಲ. ನನ್ನ ಬದುಕಲ್ಲಿ ಹೇಳಿಕೊಳ್ಳೋ ಅಂಥ ಗಾಯ ಯಾವುದೂ ಆಗಿಲ್ಲ. ನಾನು ರ‍್ಯಾಪ್ ಮಾಡಿದ್ರೆ ಜನ ನಂಬ್ತಾರಾ?"

ಓದಿದಾಗ ಮೊದಲು ನಗು ಬಂತು. ಎರಡನೇ ಸಲ ಓದಿದಾಗ ಬರಲಿಲ್ಲ. ಏಟು ತಿಂದಿಲ್ಲ ಅಂತ ಒಬ್ಬ ಹುಡುಗ ಬೇಜಾರು ಮಾಡ್ಕೊಳ್ತಿದ್ದಾನೆ ಅಂದ್ರೆ, ಅವನ ತಲೆಯಲ್ಲಿ ಯಾರೋ ಒಂದು ಲೆಕ್ಕ ಕೂರಿಸಿದ್ದಾರೆ. ಆ ಲೆಕ್ಕ ಎಲ್ಲಿಂದ ಬಂತು ಅಂತ ಹಿಂದಕ್ಕೆ ಹೋದ್ರೆ, ದಾರಿ ನಿಲ್ಲೋ ಜಾಗಗಳಲ್ಲಿ ಒಂದು 2003ನೇ ಇಸವಿ. ಆ ವರ್ಷ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಬಂದ ಆಲ್ಬಂ 'ಗೆಟ್ ರಿಚ್ ಆರ್ ಡೈ ಟ್ರೈಯಿನ್'. ಹಾಡಿದವನು ಫಿಫ್ಟಿ ಸೆಂಟ್. ದುಡ್ಡು ಮಾಡು, ಇಲ್ಲಾ ಮಾಡೋ ಪ್ರಯತ್ನದಲ್ಲೇ ಸಾಯಿ ಅನ್ನೋ ಅರ್ಥದ ಹೆಸರು.

ಹಿಪ್‌ಹಾಪ್ ಕೇಳದೇ ಇರೋರಿಗೂ ಈ ಮನುಷ್ಯನ ಬಗ್ಗೆ ಒಂದು ವಿಷಯ ಗೊತ್ತಿರುತ್ತೆ: ಒಂಬತ್ತು ಗುಂಡು ತಿಂದು ಬದುಕಿದೋನು. ಆಲ್ಬಂ ಯಾಕೆ ಅಷ್ಟು ಮಾರಾಟ ಆಯ್ತು ಅಂತ ಕೇಳಿದ್ರೂ ಬಹಳ ಜನ ಅದೇ ಉತ್ತರ ಕೊಡ್ತಾರೆ. ಆ ಉತ್ತರ ಅರ್ಧ ಮಾತ್ರ ಸರಿ ಅಂತ ನನ್ನ ವಾದ. ಉಳಿದರ್ಧ ಮರೆತದ್ದರಿಂದ ಏನೇನಾಯ್ತು ಅನ್ನೋದೇ ಇವತ್ತಿನ ವಿಷಯ.

ಮೊದಲು ಹುಡುಗನ ಪರಿಚಯ ಮಾಡ್ಕೊಳ್ಳೋಣ. ನಿಜವಾದ ಹೆಸರು ಕರ್ಟಿಸ್ ಜಾಕ್ಸನ್. ಹುಟ್ಟಿದ್ದು 1975ರಲ್ಲಿ, ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದ ಸೌತ್ ಜಮೈಕಾದಲ್ಲಿ. ಕ್ರಿಕೆಟ್‌ನಿಂದ ನಮಗೆ ಗೊತ್ತಿರೋ ಜಮೈಕಾ ದ್ವೀಪ ಅಲ್ಲ, ಇದು ನ್ಯೂಯಾರ್ಕ್‌ನ ಒಂದು ಬಡಾವಣೆ. ಹೆತ್ತಾಗ ತಾಯಿಗೆ ಇನ್ನೂ ಹದಿಹರೆಯ. ಮಾದಕ ವಸ್ತು ಮಾರಿ ಮಗನನ್ನ ಸಾಕ್ತಿದ್ದಳು. ಅವಳು ತೀರಿಕೊಂಡಾಗ ಹುಡುಗನಿಗೆ 8 ವರ್ಷ. ಆಮೇಲೆ ಬೆಳೆದದ್ದು ಅಜ್ಜಿ ತಾತನ ಮನೆಯಲ್ಲಿ. 12ನೇ ವಯಸ್ಸಿಗೆ ಅವನೂ ಅದೇ ವ್ಯಾಪಾರಕ್ಕೆ ಇಳಿದ. 1994ರಲ್ಲಿ ಪೊಲೀಸರಿಗೆ ಸಿಕ್ಕಿಬಿದ್ದ.

ಅವನು ಇಟ್ಟುಕೊಂಡ ಹೆಸರು ಫಿಫ್ಟಿ ಸೆಂಟ್. ನಮ್ಮ ಲೆಕ್ಕದಲ್ಲಿ ಹೇಳೋದಾದ್ರೆ ಎಂಟಾಣೆ. ಬ್ರೂಕ್ಲಿನ್‌ನಲ್ಲಿ ಆ ಅಡ್ಡಹೆಸರಿನ ಒಬ್ಬ ದರೋಡೆಕೋರ ಹಿಂದೆ ಇದ್ದ, ಹೆಸರು ಅವನಿಂದ ಬಂತು. ಇನ್ನೊಂದು ಅರ್ಥವನ್ನೂ ಇವನೇ ಹೇಳ್ತಾನೆ: ಇಂಗ್ಲಿಷಲ್ಲಿ 'ಚೇಂಜ್' ಅಂದ್ರೆ ಚಿಲ್ಲರೆಯೂ ಹೌದು, ಬದಲಾವಣೆಯೂ ಹೌದು. ಮಾತಿನ ಜೊತೆ ಆಟ ಆಡೋದು ಅವನಿಗೆ ಗುಂಡು ಬೀಳೋ ಮುಂಚೆಯೇ ಬರ್ತಿತ್ತು. ಇದನ್ನ ಸ್ವಲ್ಪ ನೆನಪಲ್ಲಿ ಇಟ್ಕೊಳ್ಳಿ.

ಈಗ ಕಥೆಯಲ್ಲಿ ಒಬ್ಬ ಗುರು ಬರ್ತಾರೆ. ಜಾಮ್ ಮಾಸ್ಟರ್ ಜೇ, ನಿಜವಾದ ಹೆಸರು ಜೇಸನ್ ಮಿಜೆಲ್. ರನ್ ಡಿಎಂಸಿ ಅನ್ನೋ ತಂಡದ ಡಿಜೆ. 80ರ ದಶಕದಲ್ಲಿ ರ‍್ಯಾಪನ್ನ ಅಮೆರಿಕದ ಮನೆಮನೆಗೆ ತಲುಪಿಸಿದ ತಂಡಗಳಲ್ಲಿ ಅದೂ ಒಂದು. ಅವರೂ ಕ್ವೀನ್ಸ್‌ನವರೇ. 1996ರ ಸುಮಾರಿಗೆ ಈ ಹುಡುಗ ಅವರ ಕೈಗೆ ಸಿಕ್ಕ. ಅವನಿಗೆ ಪ್ರಾಸ ಬರ್ತಿತ್ತು, ಸಿಟ್ಟಿತ್ತು, ಹೇಳೋಕೆ ಬೇಕಾದಷ್ಟು ಕಥೆ ಇತ್ತು. ಆದ್ರೆ ಹಾಡು ಕಟ್ಟೋಕೆ ಬರ್ತಿರಲಿಲ್ಲ. ಬೀಟ್ ಹಾಕಿದ್ರೆ ಉಸಿರು ಮುಗಿಯೋವರೆಗೂ ಹೇಳ್ಕೊಂಡು ಹೋಗೋದಷ್ಟೇ.

ಜೇ ಅವನಿಗೆ ಲೆಕ್ಕ ಕಲಿಸಿದ್ರು. ತಾಳದ ಆವರ್ತ ಎಣಿಸೋದು ಹೇಗೆ, ಹದಿನಾರು ಆವರ್ತಕ್ಕೆ ಒಂದು ಚರಣ ಮುಗಿಸೋದು ಹೇಗೆ, ಪಲ್ಲವಿ ಎಲ್ಲಿ ಬರಬೇಕು, ಎಷ್ಟು ಸಲ ಬರಬೇಕು. ಪಲ್ಲವಿ, ಚರಣ ಅಂತ ನಾವು ಯಾವುದನ್ನ ಕರೀತೀವೋ ಹೆಚ್ಚುಕಮ್ಮಿ ಅದೇ. ನಮ್ಮ ಭಾವಗೀತೆ, ಸಿನಿಮಾ ಹಾಡು ಎಲ್ಲದರಲ್ಲೂ ಇರೋದು. ಚರಣ ಮರೆತವನ ಬಾಯಲ್ಲೂ ಪಲ್ಲವಿ ಉಳಿಯುತ್ತೆ ಅಲ್ವಾ? ಆ ಪಾಠ. ಇದನ್ನ ಜೇ ಕಲಿಸಿದ್ರು ಅಂತ ಫಿಫ್ಟಿ ಸೆಂಟ್ ಮುಂದೆ ಎಷ್ಟೋ ಸಲ ಹೇಳಿಕೊಂಡಿದ್ದಾನೆ.

ಆಮೇಲೆ ಕೊಲಂಬಿಯಾ ರೆಕಾರ್ಡ್ಸ್ ಅವನ ಜೊತೆ ಒಪ್ಪಂದ ಮಾಡ್ಕೊಂಡಿತು. 1999ರಲ್ಲಿ 'ಹೌ ಟು ರಾಬ್' ಅಂತ ಒಂದು ಹಾಡು ಬಂತು. ಆಗಿನ ದೊಡ್ಡ ದೊಡ್ಡ ಗಾಯಕರ ಹೆಸರು ಒಂದೊಂದಾಗಿ ಎತ್ತಿ, ಇವರನ್ನ ನಾನು ಹೇಗೆ ದೋಚ್ತೀನಿ ಅಂತ ತಮಾಷೆಯಾಗಿ ಹೇಳೋ ಹಾಡು. ಹೆಸರು ಬಂದವರಲ್ಲಿ ಕೆಲವರು ಉತ್ತರ ಕೊಟ್ರು. ಜೇ-ಝೀ ವೇದಿಕೆ ಮೇಲಿಂದಲೇ ಕೊಟ್ಟ. ಯಾರಿಗೂ ಗೊತ್ತಿಲ್ಲದ ಹುಡುಗನಿಗೆ ಅದಕ್ಕಿಂತ ಇನ್ನೇನು ಬೇಕು? ಊರಿಗೆಲ್ಲ ಹೆಸರು ಗೊತ್ತಾಯ್ತು. ಮೊದಲ ಆಲ್ಬಂ 'ಪವರ್ ಆಫ್ ದಿ ಡಾಲರ್' ಸಿದ್ಧವಾಯ್ತು.

2000ನೇ ಇಸವಿ, ಮೇ 24. ಸೌತ್ ಜಮೈಕಾದಲ್ಲಿ ಅಜ್ಜಿ ಮನೆ ಮುಂದೆ ಕಾರಲ್ಲಿ ಕೂತಿದ್ದ. ಒಬ್ಬ ಹತ್ತಿರ ಬಂದು ಗುಂಡು ಹಾರಿಸಿದ. ಕೈ, ಎದೆ, ಸೊಂಟ, ಕಾಲು, ಎಡಗೆನ್ನೆ. ಒಟ್ಟು ಒಂಬತ್ತು ಗುಂಡೇಟು. ಬದುಕಿದ. ಆಸ್ಪತ್ರೆಯಲ್ಲಿ 13 ದಿನ, ಆಮೇಲೆ ಊರುಗೋಲು ಹಿಡಿದು ನಡೆಯೋದನ್ನ ಕಲಿಯೋಕೆ ತಿಂಗಳುಗಟ್ಟಲೆ. ಕೆನ್ನೆಗೆ ಬಿದ್ದ ಗುಂಡಿನ ಚೂರೊಂದು ನಾಲಿಗೆಯಲ್ಲೇ ಉಳೀತು. ಮಾತು ಸ್ವಲ್ಪ ಎಳೆದಂತೆ, ತೊದಲಿದಂತೆ ಆಯ್ತು.

ಆಗ ಕಂಪನಿ ಏನು ಮಾಡಿತು? ಆಲ್ಬಂ ಬಿಡುಗಡೆ ನಿಲ್ಲಿಸಿತು. ಅವನನ್ನ ಕೈಬಿಟ್ಟಿತು.

ಇಲ್ಲಿ ಒಂದು ನಿಮಿಷ ನಿಲ್ಲೋಣ. ಗುಂಡೇಟಿಂದಲೇ ಆಲ್ಬಂ ಮಾರಾಟ ಆಗೋದು ನಿಜ ಆಗಿದ್ರೆ, 2000ದಲ್ಲೇ ಆಗಬೇಕಿತ್ತು. ಆಲ್ಬಂ ರೆಡಿ ಇತ್ತು, ಗಾಯ ಹಸಿ ಇತ್ತು. ವ್ಯಾಪಾರ ಗೊತ್ತಿದ್ದವರ ಕಣ್ಣಿಗೆ ಆ ಗಾಯ ಕಂಡಿದ್ದು ತಲೆನೋವಾಗಿ, ಬಂಡವಾಳವಾಗಿ ಅಲ್ಲ. ಅದು ಬಂಡವಾಳ ಆಗಿದ್ದು ಎರಡೂವರೆ ವರ್ಷದ ನಂತರ. ಆ ಎರಡೂವರೆ ವರ್ಷದಲ್ಲಿ ಏನಾಯ್ತು ಅನ್ನೋದನ್ನ ಯಾರೂ ಹೆಚ್ಚು ಹೇಳಲ್ಲ, ಯಾಕಂದ್ರೆ ಅದು ಬರೀ ದುಡಿಮೆಯ ಕಥೆ.

ಕೈಬಿಟ್ಟ ಮೇಲೆ ಅವನು ಕೆನಡಾಕ್ಕೆ ಹೋಗಿ ಹಾಡುಗಳನ್ನ ರೆಕಾರ್ಡ್ ಮಾಡಿದ. ಲಾಯ್ಡ್ ಬ್ಯಾಂಕ್ಸ್, ಟೋನಿ ಯೇಯೊ ಅನ್ನೋ ಗೆಳೆಯರ ಜೊತೆ ಜಿ-ಯೂನಿಟ್ ತಂಡ ಕಟ್ಟಿದ. ಮಿಕ್ಸ್‌ಟೇಪ್ ಹೊರಗೆ ಬಿಡೋಕೆ ಶುರುಮಾಡಿದ. ಮಿಕ್ಸ್‌ಟೇಪ್ ಅಂದ್ರೆ ಅಂಗಡಿ ಲೆಕ್ಕಕ್ಕೆ ಬಾರದ ಮಾಲು, ಬೀದಿಯಲ್ಲಿ ಕೈಯಿಂದ ಕೈಗೆ ಹೋಗೋದು. ಬೇರೆಯವರು ಆಗಲೇ ಗೆಲ್ಲಿಸಿದ ಬೀಟ್ ತಗೊಂಡು ಅದರ ಮೇಲೆ ತಮ್ಮ ನಾಲ್ಕು ಪ್ರಾಸ ಒದರೋದು ಅಲ್ಲಿನ ಪದ್ಧತಿ. ಇವನು ಹಾಗೆ ಬಿಡಲಿಲ್ಲ. ಅದೇ ಬೀಟ್ ಮೇಲೆ ಪೂರ್ತಿ ಹಾಡು ಬರೆದ, ತನ್ನದೇ ಪಲ್ಲವಿ ಕೂರಿಸಿದ. ಮೂಲ ಹಾಡಿಗಿಂತ ಇದೇ ಬಾಯಿಗೆ ಬರಬೇಕು, ಹಾಗೆ. ಗುರುಗಳ ಪಾಠ ಕೆಲಸಕ್ಕೆ ಬಂತು. ಎಳೆದಾಡೋ ಹೊಸ ಧ್ವನಿಯನ್ನ ಮುಚ್ಚಿಡದೆ ಅದಕ್ಕೊಂದು ರಾಗ ಕೊಟ್ಟ. ಅರ್ಧ ಮಾತು, ಅರ್ಧ ಹಾಡು.

2002ರಲ್ಲಿ ಬಂದ 'ಗೆಸ್ ಹೂಸ್ ಬ್ಯಾಕ್' ಅನ್ನೋ ಸಂಗ್ರಹ ಎಮಿನೆಮ್ ಕಿವಿಗೆ ಬಿತ್ತು. ಎಮಿನೆಮ್, ಡಾ. ಡ್ರೇ ಇಬ್ಬರೂ ಸೇರಿ 10 ಲಕ್ಷ ಡಾಲರಿಗೆ ಅವನನ್ನ ತಮ್ಮ ಕಡೆ ಸೇರಿಸಿಕೊಂಡ್ರು. ಅಕ್ಟೋಬರ್ 29ರಂದು ಎಮಿನೆಮ್‌ನ '8 ಮೈಲ್' ಸಿನಿಮಾದ ಹಾಡುಗಳ ಆಲ್ಬಂ ಬಂತು. ಅದರಲ್ಲಿ ಫಿಫ್ಟಿ ಸೆಂಟ್‌ನ 'ವ್ಯಾಂಕ್ಸ್ಟಾ' ಇತ್ತು. ಸುಮ್ಮನೆ ರೌಡಿ ಥರ ಪೋಸು ಕೊಡೋರನ್ನ ಗೇಲಿ ಮಾಡೋ ಹಾಡು. ದೇಶಕ್ಕೆಲ್ಲ ಅವನ ಧ್ವನಿ ತಲುಪಿತು.

ಮರುದಿನ, ಅಕ್ಟೋಬರ್ 30ರ ಸಂಜೆ, ಕ್ವೀನ್ಸ್‌ನ ತಮ್ಮ ಸ್ಟುಡಿಯೋದಲ್ಲಿ ಕೂತಿದ್ದ ಜಾಮ್ ಮಾಸ್ಟರ್ ಜೇ ಅವರನ್ನ ಗುಂಡಿಟ್ಟು ಕೊಂದ್ರು. ಅವರಿಗೆ ಆಗ 37 ವರ್ಷ.

ಶಿಷ್ಯನಿಗೆ ಒಂಬತ್ತು ಗುಂಡು ಬಿದ್ರೂ ಉಳಿದ. ತಾಳ ಎಣಿಸೋಕೆ ಕಲಿಸಿದ ಗುರು ಉಳೀಲಿಲ್ಲ. ಗುಂಡಿಗೆ ಯಾವ ನ್ಯಾಯವೂ ಇಲ್ಲ, ಯಾವ ಅರ್ಥವೂ ಇಲ್ಲ. ಅರ್ಥ ಅಂಟಿಸೋದು ಆಮೇಲೆ, ಉಳಿದವರು.

2003ರ ಫೆಬ್ರವರಿಗೆ ಬರೋಣ. ಆಲ್ಬಂ ಬರಬೇಕಾಗಿದ್ದು 11ಕ್ಕೆ. ಅಷ್ಟರಲ್ಲಿ ನಕಲಿ ಪ್ರತಿಗಳು ಓಡಾಡೋಕೆ ಶುರುವಾಗಿ ಕಂಪನಿ ಗಾಬರಿಯಾಯ್ತು, 6ಕ್ಕೇ ಬಿಡುಗಡೆ ಮಾಡಿತು. ನೋಡಿ, ಬೀದಿ ಮಾಲಿನಿಂದ ಬೆಳೆದವನ ಆಲ್ಬಂ ಬೀದಿ ಮಾಲಿಗೆ ಹೆದರಿ ಮುಂಚೆ ಬರಬೇಕಾಯ್ತು. ಮೊದಲ ವಾರದ ಲೆಕ್ಕಕ್ಕೆ ಪೂರ್ತಿ ಏಳು ದಿನವೂ ಸಿಗಲಿಲ್ಲ. ಆದ್ರೂ 8 ಲಕ್ಷ 72 ಸಾವಿರ ಪ್ರತಿ ಹೋದವು. ಎರಡನೇ ವಾರ 8 ಲಕ್ಷ 22 ಸಾವಿರ. ಆ ವರ್ಷ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಂ ಇದೇ ಆಯ್ತು. 2020ರ ಹೊತ್ತಿಗೆ ಅಲ್ಲಿನ ಲೆಕ್ಕದಲ್ಲಿ ಒಂಬತ್ತು ಪ್ಲಾಟಿನಂ, ಅಂದ್ರೆ 90 ಲಕ್ಷ.

ಗಾಯದ ಪಾತ್ರ ಇದರಲ್ಲಿ ಏನೂ ಇರಲಿಲ್ಲ ಅಂತ ಹೇಳಿದ್ರೆ ಅದು ಸುಳ್ಳಾಗುತ್ತೆ. ಮುಖಪುಟ ನೋಡಿ: ಬರಿಮೈಯಲ್ಲಿ ನಿಂತ ಮನುಷ್ಯ, ಮುಂದೆ ಗುಂಡು ತಾಗಿ ಒಡೆದ ಗಾಜು. ಸಂದರ್ಶನಕ್ಕೆ ಹೋದ ಕಡೆಯೆಲ್ಲ ಮೊದಲ ಪ್ರಶ್ನೆ ಅದೇ. 'ಮೆನಿ ಮೆನ್' ಅನ್ನೋ ಹಾಡು ಪೂರ್ತಿ ಆ ಘಟನೆಯದ್ದೇ, ಆಲ್ಬಂನ ಒಳ್ಳೆ ಹಾಡುಗಳಲ್ಲಿ ಒಂದು. ಪತ್ರಿಕೆಯಲ್ಲಿ ಜಾಗ ಕೊಡಿಸಿದ್ದು, ಮೊದಲ ವಾರ ಜನರನ್ನ ಅಂಗಡಿಗೆ ಕರೆತಂದಿದ್ದು ಗಾಯವೂ ಹೌದು.

ಆದ್ರೆ ಎರಡನೇ ವಾರದ ಅಂಕಿ? ದೊಡ್ಡ ಸುದ್ದಿ ಮಾಡಿ ಬರೋ ಆಲ್ಬಂ ಸಾಮಾನ್ಯವಾಗಿ ಎರಡನೇ ವಾರ ಧೊಪ್ಪಂತ ಬೀಳುತ್ತೆ, ಸಿನಿಮಾದ ಹಾಗೇ. ಇದು ಬೀಳಲಿಲ್ಲ. ಎರಡನೇದು ಪೂರ್ತಿ ಏಳು ದಿನದ ವಾರ, ಅದೂ ನಿಜ. ಆದ್ರೂ ಅಷ್ಟು ಜನ ಕೊಳ್ಳಬೇಕು ಅಂದ್ರೆ ಮೊದಲು ತಗೊಂಡವರು ಗೆಳೆಯರಿಗೆ ಹೇಳಿರಬೇಕು. ಏನು ಹೇಳಿರ್ತಾರೆ? ಗುಂಡೇಟಿನ ಕಥೆ ಒಂದು ಸಲ ಹೇಳಿದ್ರೆ ಮುಗೀತು. ಎರಡನೇ ಸಲ ಹಾಕಿ ಕೇಳೋದು ಹಾಡನ್ನ.

ಅಲ್ಲಿ ನಂಬರ್ ಒನ್ ಆದ ಎರಡು ಹಾಡು ತಗೊಳ್ಳಿ. ಒಂದು 'ಇನ್ ಡಾ ಕ್ಲಬ್', ಒಂಬತ್ತು ವಾರ ಮೊದಲ ಸ್ಥಾನದಲ್ಲಿತ್ತು. ಹುಟ್ಟುಹಬ್ಬದ ಮಾತಿಂದ ಶುರುವಾಗೋ ಪಾರ್ಟಿ ಹಾಡು. ಗುಂಡೇಟು ಅದರಲ್ಲಿ ಒಂದು ಸಾಲಲ್ಲಿ ಬಂದು ಹೋಗುತ್ತೆ. ಡ್ರೇ ಅವರ ಬೀಟ್‌ನಲ್ಲಿ ಜಾಸ್ತಿ ಸಾಮಾನೇ ಇಲ್ಲ, ಧ್ವನಿಗೆ ಜಾಗ ಬಿಟ್ಟು ಕೂತಿದೆ. ಪಲ್ಲವಿ ಮೊದಲ ಸಲ ಕೇಳಿದಾಗಲೇ ಬಾಯಿಗೆ ಬರುತ್ತೆ. ಬೆಂಗಳೂರಲ್ಲಿ ಆಗ ನಾವು ಮೆಜೆಸ್ಟಿಕ್ ಫುಟ್‌ಪಾತಲ್ಲಿ ಸಿಕ್ಕ ಎಂಪಿತ್ರೀ ಸಿ.ಡಿ.ಯಲ್ಲಿ ಇದನ್ನ ಕೇಳಿದ್ದು. ಹಾಸ್ಟೆಲಲ್ಲಿ ಯಾರ ಹುಟ್ಟುಹಬ್ಬ ಇದ್ರೂ ಇದೇ ಹಾಡು. ಕ್ವೀನ್ಸ್ ಎಲ್ಲಿದೆ, ಯಾರು ಯಾರಿಗೆ ಗುಂಡು ಹೊಡೆದ್ರು, ನಮಗೆ ಒಂದೂ ಗೊತ್ತಿರಲಿಲ್ಲ. ಇಂಗ್ಲಿಷೇ ಅರ್ಧಂಬರ್ಧ. ಪಲ್ಲವಿ ಮಾತ್ರ ಎಲ್ಲರಿಗೂ ಬರ್ತಿತ್ತು.

ಇನ್ನೊಂದು '21 ಕ್ವೆಶ್ಚನ್ಸ್'. ನೇಟ್ ಡಾಗ್ ಜೊತೆ ಹಾಡಿದ ಪ್ರೇಮಗೀತೆ. ನನ್ನ ಹತ್ತಿರ ಏನೂ ಇಲ್ಲದೇ ಹೋದ್ರೂ ನೀನು ಜೊತೆಗಿರ್ತೀಯಾ ಅಂತ ಹುಡುಗಿಯನ್ನ ಕೇಳೋದು. ಈ ಹಾಡು ಆಲ್ಬಂನಲ್ಲಿ ಬೇಡ ಅಂತ ಡ್ರೇ ಅವರಿಗೆ ಅನ್ನಿಸಿತ್ತಂತೆ. ಗ್ಯಾಂಗ್‌ಸ್ಟರ್ ಅಂತ ಹೇಳ್ಕೊಂಡು ಮಧ್ಯೆ ಪ್ರೀತಿ ಪ್ರೇಮ ಯಾಕೆ ಅಂತ. ಫಿಫ್ಟಿ ಸೆಂಟ್ ಪಟ್ಟು ಬಿಡಲಿಲ್ಲ. ನಾನು ಎರಡೂ ಹೌದು ಅಂದ. ನಾಲ್ಕು ವಾರ ನಂಬರ್ ಒನ್. ಅಂದ್ರೆ ತಯಾರಿಸಿದವರೇ ತಾವು ಮಾರ್ತಿರೋದು ಏನನ್ನ ಅನ್ನೋದರಲ್ಲಿ ಸ್ವಲ್ಪ ತಪ್ಪು ತಿಳಿದಿದ್ರು.

ಈ ಆಲ್ಬಂನಲ್ಲಿ ಎಲ್ಲವೂ ಚೆಂದ ಅಂತ ನಾನು ಹೇಳ್ತಿಲ್ಲ. ಹೆಣ್ಣುಮಕ್ಕಳ ಬಗ್ಗೆ ಆಡಿರೋ ಮಾತುಗಳಲ್ಲಿ ಕೆಲವು ಇವತ್ತು ಕೇಳಿದ್ರೆ ಮುಖ ಸಿಂಡರಿಸಬೇಕು. ಆಗಲೂ ಹಾಗೇ ಆಗಬೇಕಿತ್ತು. ಬೆದರಿಕೆಗಳು ಒಂದಾದ ಮೇಲೊಂದು ಬಂದು ಬೇಸರ ತರಿಸೋ ಜಾಗಗಳೂ ಇವೆ. ಆದ್ರೆ ಹಾಡು ಕಟ್ಟಿದ ರೀತಿಯಲ್ಲಿ ಸಡಿಲ ಇಲ್ಲ.

ಮಾರುಕಟ್ಟೆ ಇದರಿಂದ ಕಲಿತ ಪಾಠ ಬೇರೆ. ಗಾಯ ಇದ್ರೆ ಮಾಲು ಹೋಗುತ್ತೆ ಅಂತ ಕಲೀತು. 2005ರಲ್ಲಿ ಇದೇ ಹೆಸರಲ್ಲಿ ಅವನ ಬದುಕಿನ ಸಿನಿಮಾ ಬಂತು. ಅದರ ಜಾಹೀರಾತು ಫಲಕದಲ್ಲಿ ಒಂದು ಕೈಯಲ್ಲಿ ಮೈಕು, ಇನ್ನೊಂದು ಕೈಯಲ್ಲಿ ಬಂದೂಕು. ಲಾಸ್ ಏಂಜಲೀಸ್‌ನಲ್ಲಿ ಜನ ಆಕ್ಷೇಪ ಎತ್ತಿ ಫಲಕ ತೆಗೆಸಿದ್ರು. ಎರಡು ಕೈಯಲ್ಲಿ ಯಾವುದು ಅವನನ್ನ ಮೇಲೆ ತಂದದ್ದು ಅನ್ನೋದು ಮಾರೋರಿಗೇ ಗೊತ್ತಿರಲಿಲ್ಲ ಅನ್ಸುತ್ತೆ.

2007ರ ಸೆಪ್ಟೆಂಬರ್ 11ರಂದು ಒಂದು ಪಂದ್ಯ ನಡೀತು. ಒಂದೇ ದಿನ ಎರಡು ಆಲ್ಬಂ: ಇವನ 'ಕರ್ಟಿಸ್', ಕಾನ್ಯೆ ವೆಸ್ಟ್‌ನ 'ಗ್ರ್ಯಾಜುಯೇಷನ್'. ಕಾನ್ಯೆ ತಾಯಿ ಇಂಗ್ಲಿಷ್ ಪ್ರೊಫೆಸರ್. ಅವನು ಬೀದಿಯಲ್ಲಿ ಏನೂ ಮಾರಿದವನಲ್ಲ. ಅವನು ಗೆದ್ರೆ ನಾನು ಆಲ್ಬಂ ಮಾಡೋದೇ ಬಿಡ್ತೀನಿ ಅಂತ ಫಿಫ್ಟಿ ಸೆಂಟ್ ಸವಾಲು ಹಾಕಿದ್ದ. ಮೊದಲ ವಾರ ಕಾನ್ಯೆಗೆ 9 ಲಕ್ಷ 57 ಸಾವಿರ, ಇವನಿಗೆ 6 ಲಕ್ಷ 91 ಸಾವಿರ. ಸೋತ. ಮಾತಿನಂತೆ ಬಿಡಲಿಲ್ಲ ಅನ್ನೋದು ಬೇರೆ ವಿಷಯ. ಗಾಯ ಹಳೇದೇ ಇತ್ತು, ಎಲ್ಲೂ ಹೋಗಿರಲಿಲ್ಲ. ಆ ವರ್ಷ ಜನಕ್ಕೆ ಬೇಕಾಗಿದ್ದ ಹಾಡು ಇನ್ನೊಬ್ಬನ ಹತ್ತಿರ ಇತ್ತು, ಅಷ್ಟೆ.

ಅಂದ ಹಾಗೆ ಅವನು ಬಡವನಾಗಲಿಲ್ಲ. ವಿಟಮಿನ್ ವಾಟರ್ ಮಾಡೋ ಕಂಪನಿಯಲ್ಲಿ ಪಾಲು ಪಡೆದಿದ್ದ. 2007ರಲ್ಲಿ ಕೋಕಾ ಕೋಲಾ ಆ ಕಂಪನಿಯನ್ನ 410 ಕೋಟಿ ಡಾಲರಿಗೆ ಕೊಂಡಾಗ ಹಾಡಿಗಿಂತ ಜಾಸ್ತಿ ದುಡ್ಡು ನೀರಲ್ಲಿ ಬಂತು. 2015ರಲ್ಲಿ ದಿವಾಳಿ ಅರ್ಜಿ ಹಾಕಿದ, ಅದರಿಂದಲೂ ಎದ್ದು ಬಂದ.

ಕೊನೆಯದಾಗಿ ಇನ್ನೊಬ್ಬ ಹುಡುಗನ ವಿಷಯ ಹೇಳಿ ನಿಲ್ಲಿಸ್ತೀನಿ. ಪಾಪ್ ಸ್ಮೋಕ್. ಬ್ರೂಕ್ಲಿನ್‌ನವನು, ಹುಟ್ಟಿದ್ದು 1999ರಲ್ಲಿ. ದಪ್ಪ, ಕಂಚಿನ ಧ್ವನಿ. ಫಿಫ್ಟಿ ಸೆಂಟ್ ಹಾಡು ಕೇಳಿ ಬೆಳೆದ ಪೀಳಿಗೆ. ಅವನ ಜಾಗ ತುಂಬೋನು ಇವನೇ ಅಂತ ಜನ ಮಾತಾಡ್ತಿದ್ರು. 2020ರ ಫೆಬ್ರವರಿಯಲ್ಲಿ ಲಾಸ್ ಏಂಜಲೀಸ್‌ನ ಒಂದು ಬಾಡಿಗೆ ಮನೆಗೆ ದರೋಡೆಗೆ ನುಗ್ಗಿದವರು ಅವನನ್ನ ಗುಂಡಿಟ್ಟು ಕೊಂದ್ರು. ಅವನಿಗೆ 20 ವರ್ಷ. ಅರ್ಧಕ್ಕೆ ನಿಂತ ಆಲ್ಬಂ ಪೂರ್ತಿ ಮಾಡೋ ಹೊಣೆ ಹೊತ್ತವನು ಫಿಫ್ಟಿ ಸೆಂಟ್. ಜುಲೈಯಲ್ಲಿ ಅದು ಬಂತು, ಮೊದಲ ಸ್ಥಾನಕ್ಕೇ ಏರಿತು. ಅದರಲ್ಲೊಂದು ಹಾಡು 'ಗಾಟ್ ಇಟ್ ಆನ್ ಮಿ'. 2003ರ ಆ 'ಮೆನಿ ಮೆನ್' ಹಾಡಿನ ಪಲ್ಲವಿಯ ಮೇಲೇ ಕಟ್ಟಿದ್ದು. ಗುಂಡು ತಿಂದು ಉಳಿದವನು ಬರೆದ ಪಲ್ಲವಿಯನ್ನ ಗುಂಡಿಗೆ ಹೋದ ಹುಡುಗನ ಧ್ವನಿಯಲ್ಲಿ ಕೇಳೋದು ಸುಲಭ ಅಲ್ಲ. ನಾನು ಎರಡು ಸಲ ಕೇಳಿದೆ, ಮೂರನೇ ಸಲ ಆಗಲಿಲ್ಲ.

ಈಗ ಹಾಸನದ ತಮ್ಮನಿಗೆ. ಏನಪ್ಪಾ, ಕೇಳ್ತಿದ್ದೀಯಾ? ಫಿಫ್ಟಿ ಸೆಂಟ್‌ನನ್ನ ಗಾಯ ಮೇಲೆತ್ತಿತು ಅಂತ ಹೇಳೋರು ಅವನ ಗುರುವನ್ನ ಲೆಕ್ಕಕ್ಕೆ ಇಡಲ್ಲ, ಪಾಪ್ ಸ್ಮೋಕ್‌ನನ್ನೂ ಇಡಲ್ಲ. ಗಾಯ ಆಗಿ ಹಾಡು ಬರೆಯೋಕೆ ಉಳಿಯದೇ ಹೋದವರ ಹೆಸರು ಯಾವ ಪಟ್ಟಿಯಲ್ಲೂ ಬರಲ್ಲ. ಉಳಿದ ಒಬ್ಬನನ್ನ ನೋಡಿ ಏಟಿಗೆ ಬೆಲೆ ಕಟ್ಟಬೇಡ. ನಿಮ್ಮಪ್ಪ ಬ್ಯಾಂಕಿಗೆ ಹೋಗಿ ದುಡಿದು ನಿನಗೆ ಏಟು ಬೀಳದ ಹಾಗೆ ನೋಡ್ಕೊಂಡಿದ್ದಾರಲ್ಲ, ಅದನ್ನ ಕೊರತೆ ಅಂತ ಬರ್ಕೋಬೇಡ.

ಜನ ನಂಬ್ತಾರಾ ಅಂತ ಕೇಳಿದ್ದೆ. ನಿನಗೆ ಗೊತ್ತಿರೋದನ್ನೇ ಹೇಳಿದ್ರೆ ನಂಬ್ತಾರೆ. ಬ್ಯಾಂಕ್ ಕ್ವಾರ್ಟರ್ಸ್, ಡಿಪ್ಲೊಮಾ ಲ್ಯಾಬು, ಸಕಲೇಶಪುರದ ಬಸ್ಸು, ಹುಡುಗಿಗೆ ಕಳಿಸಿ ಡಿಲೀಟ್ ಮಾಡಿದ ಮೆಸೇಜು, ಯಾವುದಾದ್ರೂ ಸರಿ. ಆದ್ರೆ ಮೊದಲು ತಾಳ ಎಣಿಸೋಕೆ ಕಲಿ. ಹದಿನಾರು ಆವರ್ತದಲ್ಲಿ ಮುಗಿಸು. ಪಲ್ಲವಿಯನ್ನ ಹತ್ತು ಸಲ ತಿದ್ದು. ನಿಮ್ಮಮ್ಮ ಪಾತ್ರೆ ತೊಳೀತಾ ಅದನ್ನ ತನಗೇ ಗೊತ್ತಿಲ್ಲದೆ ಗುನುಗಿದ್ರೆ, ಆಗ ನನಗೆ ಕಳಿಸು.